ಚಿಕ್ಕಮಗಳೂರಿನ ಗಾಳಿ ಕ್ಲೀನಾ? ಎಕ್ಯೂಐ ನಂಬರ್ ಹೇಳದೇ ಬಿಡೋ ಅರ್ಧ ಕಥೆ

ಚಳಿಗಾಲ ಬಂತಂದ್ರೆ ಹಾಸನ, ಚಿಕ್ಕಮಗಳೂರು ಕಡೆಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಎರಡು ಥರದ ಚಿತ್ರ ಓಡಾಡೋಕೆ ಶುರುವಾಗುತ್ತೆ. ಒಂದು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದಿನಾ ಸಂಜೆ ಬಿಡೋ ಊರುಗಳ ಪಟ್ಟಿ. ಅದರಲ್ಲಿ ದೆಹಲಿ ಕಡುಗೆಂಪು, ಚಿಕ್ಕಮಗಳೂರು ಹಸಿರು, ಕೆಳಗೆ ನಮ್ಮೂರೇ ಸ್ವರ್ಗ ಅಂತ ಒಂದು ಸಾಲು. ಇನ್ನೊಂದು, ಯಾರೋ ಬೆಳಿಗ್ಗೆ ಬೆಳಿಗ್ಗೆ ಮೊಬೈಲ್ ಆಪ್‌ನಿಂದ ತೆಗೆದ ಸ್ಕ್ರೀನ್‌ಶಾಟ್, ಅದರಲ್ಲಿ ಅದೇ ಊರು ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತೆ. ಯಾವುದು ನಿಜ ಅಂತ ಜಗಳ ಶುರುವಾಗುತ್ತೆ, ಒಬ್ರು ಅದು ಬರೀ ಮಂಜು ಅಂತಾರೆ, ಇನ್ನೊಬ್ರು ಟೂರಿಸ್ಟ್ ಗಾಡಿಗಳದ್ದು ಅಂತಾರೆ, ಮತ್ತೊಬ್ರು ಆಪ್‌ಗಳೆಲ್ಲ ಸುಳ್ಳು ಅಂತ ಮುಗಿಸ್ತಾರೆ.

ಇದರ ಜೊತೆಗೆ 2025ರ ಜುಲೈನಲ್ಲಿ ದೇಶದ ಹೆಚ್ಚಿನ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳಿಗೆ ಗಂಧಕದ ಹೊಗೆ ತೊಳೆಯೋ ಯಂತ್ರ ಕಡ್ಡಾಯ ಅಲ್ಲ ಅಂತ ಕೇಂದ್ರ ಸರ್ಕಾರ ಹೇಳಿತು, ಆ ಚರ್ಚೆಯಲ್ಲಿ ಕೆಲವರು ಈ ಹೊಗೆ ಭೂಮಿನ ತಂಪಾಗಿಡುತ್ತೆ ಅಂತಲೂ ವಾದ ಮಾಡಿದ್ರು. ಹೊಗೆ ಒಳ್ಳೇದು ಅಂತ ವಿಜ್ಞಾನಿಗಳೇ ಹೇಳ್ತಿದ್ದಾರಾ ಅಂತ ಓದಿದವರಿಗೆ ತಲೆ ಕೆಡೋದು ಸಹಜ. ಈ ಎಲ್ಲ ಗೊಂದಲದ ಬೇರು ಒಂದೇ. ಗಾಳೀಲಿ ಕಣ ಎಷ್ಟಿದೆ ಅನ್ನೋದನ್ನ ನಾವು ಅಳೀತಿದ್ದೀವಿ, ಆ ಕಣ ಯಾವುದರದ್ದು ಅನ್ನೋದನ್ನ ನಮ್ಮೂರಲ್ಲಿ ಯಾರೂ ಗಟ್ಟಿಯಾಗಿ ಕೇಳ್ತಿಲ್ಲ.

ಒಂದೇ ಗಾಳಿಗೆ ಎರಡು ನಂಬರ್ ಹೇಗೆ ಬರುತ್ತೆ

ಮೊದಲು ಆಪ್ ಜಗಳ ಮುಗಿಸೋಣ. ಗಾಳಿ ಗುಣಮಟ್ಟದ ಸೂಚ್ಯಂಕ, ಅಂದ್ರೆ ಎಕ್ಯೂಐ, ಅನ್ನೋದು ನೇರ ಅಳತೆ ಅಲ್ಲ, ಅಳತೆಯಿಂದ ಲೆಕ್ಕ ಹಾಕಿ ತೆಗೆದ ಅಂಕ. ನಿಜವಾದ ಅಳತೆ ಅಂದ್ರೆ ಒಂದು ಘನ ಮೀಟರ್ ಗಾಳೀಲಿ ಎಷ್ಟು ಮೈಕ್ರೋಗ್ರಾಂ ಕಣ ಇದೆ ಅನ್ನೋದು. ಎರಡೂವರೆ ಮೈಕ್ರೋಮೀಟರ್‌ಗಿಂತ ಸಣ್ಣ ಕಣಗಳಿಗೆ ಪಿಎಂ 2.5 ಅಂತಾರೆ, ಹತ್ತು ಮೈಕ್ರೋಮೀಟರ್ ತನಕದ್ದೆಲ್ಲ ಸೇರಿದ್ರೆ ಪಿಎಂ 10. ನಮ್ಮ ತಲೆಗೂದಲು ಐವತ್ತರಿಂದ ಎಪ್ಪತ್ತು ಮೈಕ್ರೋಮೀಟರ್ ದಪ್ಪ ಇರುತ್ತೆ. ದಪ್ಪ ಕಣ ಮೂಗು ಗಂಟಲಲ್ಲೇ ಸಿಕ್ಕಾಕಿಕೊಳ್ಳುತ್ತೆ, ಸಣ್ಣದು ಶ್ವಾಸಕೋಶದ ಕೊನೇ ಗಾಳಿಗೂಡಿನ ತನಕ ಇಳಿಯುತ್ತೆ.

ಈಗ ಪಿಎಂ 2.5 ನಲವತ್ತೈದು ಮೈಕ್ರೋಗ್ರಾಂ ಇರೋ ಒಂದು ದಿನ ತಗೊಳ್ಳಿ. ಭಾರತದ ಲೆಕ್ಕದಲ್ಲಿ ಇದರ ಎಕ್ಯೂಐ ಸುಮಾರು 75, 'ಸಮಾಧಾನಕರ'. ಅಮೆರಿಕದ ಲೆಕ್ಕದಲ್ಲಿ, ಅದನ್ನ ಅವರು 2024ರಲ್ಲಿ ಇನ್ನೂ ಬಿಗಿ ಮಾಡಿದ್ರು, ಇದೇ ನಲವತ್ತೈದಕ್ಕೆ ಸುಮಾರು 124 ಬರುತ್ತೆ, ಅಂದ್ರೆ ಕಿತ್ತಳೆ, ಮಕ್ಕಳು ವಯಸ್ಸಾದವರು ಉಬ್ಬಸ ಇರೋರು ಹುಷಾರಾಗಿರಿ ಅನ್ನೋ ಮಟ್ಟ. ಬೇಕಾದಷ್ಟು ಆಪ್‌ಗಳು ಅಮೆರಿಕದ ಲೆಕ್ಕವನ್ನೇ ತೋರಿಸ್ತವೆ. ಗಾಳಿ ಒಂದೇ, ಯಂತ್ರ ಒಂದೇ, ಗೆರೆ ಎಳೆದ ಜಾಗ ಬೇರೆ.

ಎರಡನೇ ವ್ಯತ್ಯಾಸ ಹೊತ್ತಿಂದು. ಮಂಡಳಿಯ ಪಟ್ಟಿ ಇಪ್ಪತ್ನಾಲ್ಕು ಗಂಟೆಯ ಸರಾಸರಿ, ಆಪ್ ತೋರಿಸೋದು ಆ ಗಂಟೆ ಅಥವಾ ಹತ್ತಿರದ ಕೆಲವು ಗಂಟೆ. ಚಳಿಗಾಲದ ಬೆಳಿಗ್ಗೆ ನೆಲದ ಹತ್ತಿರದ ಗಾಳಿ ತಣ್ಣಗೆ ಭಾರವಾಗಿ ಕೂತಿರುತ್ತೆ, ಅದರ ಮೇಲೆ ಸ್ವಲ್ಪ ಬೆಚ್ಚಗಿನ ಪದರ ಮುಚ್ಚಿಕೊಂಡಿರುತ್ತೆ, ಹಾಗಾಗಿ ಹೊಗೆ ಮೇಲೇಳೋಕೆ ಆಗದೆ ಕೆಲವೇ ನೂರು ಮೀಟರ್ ಒಳಗೆ ಹರಡಿಕೊಂಡು ನಿಲ್ಲುತ್ತೆ. ಬಿಸಿಲು ಏರಿ ನೆಲ ಕಾದಮೇಲೆ ಅದೇ ಹೊಗೆ ಒಂದು ಎರಡು ಕಿಲೋಮೀಟರ್ ಎತ್ತರದವರೆಗೂ ಕಲೆಸಿಹೋಗುತ್ತೆ, ನಂಬರ್ ಇಳಿಯುತ್ತೆ. ಬೆಳಿಗ್ಗೆ ಏಳಕ್ಕೆ ನೋಡಿದವನೂ ಸುಳ್ಳು ಹೇಳ್ತಿಲ್ಲ, ಸಂಜೆ ಪಟ್ಟಿ ಹಂಚಿದವನೂ ಸುಳ್ಳು ಹೇಳ್ತಿಲ್ಲ.

ಮೂರನೇದು ಜಾಗ. ಚಿಕ್ಕಮಗಳೂರಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿರಂತರ ಅಳತೆ ಕೇಂದ್ರ ಇರೋದು ಕಲ್ಯಾಣ ನಗರದಲ್ಲಿ. ಅಲ್ಲಿ ಬಂದ ಅಂಕ ಕಲ್ಯಾಣ ನಗರದ ಗಾಳಿಯ ಅಂಕ. ಕೊಪ್ಪದಲ್ಲೋ ಮೂಡಿಗೆರೆಯಲ್ಲೋ ಕಡೂರಲ್ಲೋ ಇರೋರಿಗೆ ಆಪ್ ಒಂದು ನಂಬರ್ ತೋರಿಸಿದ್ರೆ ಅದು ಬಹಳ ಸಲ ಉಪಗ್ರಹದ ಚಿತ್ರ ಮತ್ತು ಕಂಪ್ಯೂಟರ್ ಮಾಡೆಲ್ ಸೇರಿಸಿ ಊಹಿಸಿದ್ದು.

ಇನ್ನೊಂದು ಮಾತು ಇಲ್ಲೇ ಹೇಳಬೇಕು, ಹಸಿರು ಬಣ್ಣ ಕಂಡ ತಕ್ಷಣ ನಿಶ್ಚಿಂತೆ ಬೇಡ. ನಮ್ಮ ಲೆಕ್ಕದಲ್ಲಿ ದಿನದ ಸರಾಸರಿ 30 ಮೈಕ್ರೋಗ್ರಾಂ ತನಕ 'ಉತ್ತಮ'. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿದ ದಿನದ ಮಿತಿ 15, ವರ್ಷದ ಸರಾಸರಿಗೆ 5. ನಮ್ಮ ದೇಶದ ವರ್ಷದ ಮಿತಿ 40, ಅದು 2009ರಿಂದ ಹಾಗೇ ಇದೆ. ದೆಹಲಿ ಪಕ್ಕ ನಿಂತ್ರೆ ಯಾವ ಊರಾದ್ರೂ ಚೆನ್ನಾಗೇ ಕಾಣುತ್ತೆ.

ಗಾಳೀಲಿ ತೇಲೋದೆಲ್ಲ ಒಂದೇ ಜಾತಿ ಅಲ್ಲ

ಗಾಳೀಲಿ ತೇಲೋ ಸೂಕ್ಷ್ಮ ಕಣ, ಹನಿ ಎಲ್ಲಕ್ಕೂ ಸೇರಿಸಿ ಏರೋಸಾಲ್ ಅಂತಾರೆ. ರಸ್ತೆ ಮಣ್ಣಿನ ಧೂಳು, ಅರಬ್ಬಿ ಸಮುದ್ರದಿಂದ ಬರೋ ಉಪ್ಪಿನ ಕಣ, ಡೀಸೆಲ್ ಮಸಿ, ಸೌದೆ ಹೊಗೆ, ಎಲ್ಲ ಏರೋಸಾಲೇ. ಬೇಸಿಗೆಯಲ್ಲಿ ಅರೇಬಿಯಾ ಕಡೆಯ ಮರಳುಗಾಡಿನ ಧೂಳೂ ಸಮುದ್ರ ದಾಟಿ ಪಶ್ಚಿಮ ಕರಾವಳಿ ತನಕ ಬರೋದಿದೆ. ಇವೆಲ್ಲ ಕಣವಾಗಿಯೇ ಹುಟ್ಟಿ ಬಂದವು.

ಇದರ ಜೊತೆಗೆ ಅನಿಲವಾಗಿ ಹುಟ್ಟಿ ಆಮೇಲೆ ಕಣ ಆಗೋದು ಒಂದು ಗುಂಪು ಇದೆ, ಜನಕ್ಕೆ ಅಷ್ಟಾಗಿ ಗೊತ್ತಿಲ್ಲದೇ ಇರೋದು ಇದೇ. ಕಲ್ಲಿದ್ದಲು ಸುಟ್ಟಾಗ ಬರೋ ಸಲ್ಫರ್ ಡೈಆಕ್ಸೈಡ್ ಅನ್ನೋ ಗಂಧಕದ ಅನಿಲ, ಗಾಡಿಗಳ ನೈಟ್ರೋಜನ್ ಆಕ್ಸೈಡ್‌ಗಳು, ಯೂರಿಯಾ ಹಾಕಿದ ಹೊಲ ಮತ್ತು ಸಗಣಿ ಗಂಜಲದಿಂದ ಏಳೋ ಅಮೋನಿಯಾ, ಇವು ಗಾಳೀಲೇ ಒಂದಕ್ಕೊಂದು ಸೇರಿ ಸಲ್ಫೇಟ್, ನೈಟ್ರೇಟ್ ಅನ್ನೋ ಕಣಗಳಾಗ್ತವೆ. ಅವು ಹುಟ್ಟೋ ಹೊತ್ತಿಗೆ ಚಿಮಣಿ ಎಲ್ಲೋ ದೂರ ಉಳಿದಿರುತ್ತೆ. ಹಾಗಾಗಿ ಕಣ್ಣಿಗೆ ಕಾಣೋ ಹೊಗೆಗೂ ನಾವು ಉಸಿರಾಡೋ ಕಣಕ್ಕೂ ಸಂಬಂಧ ಅಷ್ಟು ಸರಳ ಇಲ್ಲ.

ಮಂಜಿನ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ಮಂಜು ಅಂದ್ರೆ ನೀರಿನ ಹನಿ, ಬಿಸಿಲು ಬಿದ್ದ ಮೇಲೆ ಆವಿಯಾಗಿ ಹೋಗುತ್ತೆ. ಮಧ್ಯಾಹ್ನ ಒಂದು ಗಂಟೆಗೂ ಮುಳ್ಳಯ್ಯನಗಿರಿ ಮೇಲಿಂದ ಕೆಳಗಿನ ಬಯಲು ಮಸುಕು ಬಿಳಿಯಾಗಿ ಕಾಣ್ತಿದ್ರೆ ಅದರಲ್ಲಿ ಒಣ ಕಣದ ಪಾಲು ಬಹಳ ಇದೆ ಅಂತ ಅರ್ಥ. ಬೆಳಗಿನ ಮಂಜಲ್ಲೂ ಇವೆರಡು ಬೆರೆತೇ ಇರುತ್ತೆ, ಯಾಕಂದ್ರೆ ಹನಿ ಕಟ್ಟೋಕೆ ಒಂದು ಕಣ ಬೇಕೇ ಬೇಕು.

ಕಣದ ಊರು ಯಾವುದು ಅಂತ ಪತ್ತೆ ಮಾಡೋ ಕೆಲಸ

ಥರ್ಮಾಮೀಟರ್ ಜ್ವರ ಎಷ್ಟು ಅಂತ ಹೇಳುತ್ತೆ, ಯಾವ ಜ್ವರ ಅಂತ ಗೊತ್ತಾಗೋಕೆ ರಕ್ತ ಪರೀಕ್ಷೆ ಆಗಬೇಕು. ಎಕ್ಯೂಐ ಥರ್ಮಾಮೀಟರ್ ಇದ್ದಂಗೆ. ರಕ್ತ ಪರೀಕ್ಷೆಗೆ ಸಮ ಅನ್ನೋ ಕೆಲಸಕ್ಕೆ ಮೂಲ ವಿಂಗಡಣೆ ಅಂತ ಹೇಳಬಹುದು, ಮತ್ತು ಇದು ನಿಜಕ್ಕೂ ತಾಳ್ಮೆ ಬೇಡೋ ಕೆಲಸ.

ಕಟ್ಟಡದ ಮಾಳಿಗೆ ಮೇಲೆ ಒಂದು ಪಂಪ್ ಇಡ್ತಾರೆ. ಅದು ನಿಮಿಷಕ್ಕೆ 16.7 ಲೀಟರ್ ಗಾಳಿ ಎಳೆದುಕೊಂಡು ಅಂಗೈ ಮಧ್ಯ ಹಿಡಿಯೋಷ್ಟು ಚಿಕ್ಕ ಬಿಳಿ ಫಿಲ್ಟರ್ ಮೂಲಕ ಹಾಯಿಸುತ್ತೆ. ಒಂದು ದಿನಕ್ಕೆ ಇಪ್ಪತ್ನಾಲ್ಕು ಸಾವಿರ ಲೀಟರ್ ಗಾಳಿ. ಮೇಲೆ ಹೇಳಿದ ನಲವತ್ತೈದು ಮೈಕ್ರೋಗ್ರಾಂ ದಿನವಾದ್ರೆ ಫಿಲ್ಟರ್ ಮೇಲೆ ಕೂರೋದು ಸುಮಾರು ಒಂದು ಮಿಲಿಗ್ರಾಂ ಅಷ್ಟೇ, ಉಪ್ಪಿನ ಚಿಟಿಕೆಗಿಂತ ಎಷ್ಟೋ ಕಮ್ಮಿ. ಆ ಒಂದು ಮಿಲಿಗ್ರಾಮನ್ನ ಶಾಖ, ತೇವ ಎರಡೂ ಹತೋಟಿಯಲ್ಲಿರೋ ಕೋಣೆಯಲ್ಲಿ ತೂಕ ಮಾಡಿ, ಆಮೇಲೆ ಅದರೊಳಗೆ ಏನೇನಿದೆ ಅಂತ ಬಿಡಿಸಿ ನೋಡ್ತಾರೆ.

ಪ್ರತಿ ಮೂಲಕ್ಕೂ ಒಂದು ಗುರುತು ಇದೆ. ಅಲ್ಯೂಮಿನಿಯಂ, ಸಿಲಿಕಾನ್, ಕ್ಯಾಲ್ಸಿಯಂ ಜಾಸ್ತಿ ಸಿಕ್ರೆ ಮಣ್ಣಿನ ಧೂಳು. ಸೋಡಿಯಂ, ಕ್ಲೋರೈಡ್ ಜೋಡಿಯಾಗಿ ಬಂದ್ರೆ ಸಮುದ್ರದ ಉಪ್ಪು. ವನೇಡಿಯಂ, ನಿಕ್ಕಲ್ ಕಂಡ್ರೆ ಹಡಗು ಅಥವಾ ಬಾಯ್ಲರ್‌ಗಳಲ್ಲಿ ಉರಿಸೋ ಭಾರದ ತೈಲ. ಸೌದೆ ಸುಟ್ಟ ಹೊಗೆಗೆ ಪೊಟ್ಯಾಶಿಯಂ ಒಂದು ಗುರುತು, ಅದಕ್ಕಿಂತ ಗಟ್ಟಿ ಗುರುತು ಲೆವೊಗ್ಲುಕೋಸಾನ್ ಅನ್ನೋ ಸಕ್ಕರೆ ಜಾತಿಯ ವಸ್ತು, ಮರದೊಳಗಿನ ನಾರು ಸುಟ್ಟಾಗ ಮಾತ್ರ ಹುಟ್ಟೋದು, ಡೀಸೆಲ್‌ನಿಂದಲೂ ಕಲ್ಲುಪುಡಿಯಿಂದಲೂ ಬರಲ್ಲ. ಮಸಿಯ ಬಣ್ಣವೂ ಸುಳಿವು ಕೊಡುತ್ತೆ. ಡೀಸೆಲ್ ಮಸಿ ಎಲ್ಲ ಬಣ್ಣದ ಬೆಳಕನ್ನೂ ಹೀರಿಕೊಳ್ಳುತ್ತೆ, ಸೌದೆ ಹೊಗೆಯಲ್ಲಿ ಕಂದು ಅಂಶ ಇರೋದ್ರಿಂದ ನೇರಳಾತೀತ ಬೆಳಕನ್ನ ಹೆಚ್ಚಿಗೆ ಹೀರುತ್ತೆ, ಈ ವ್ಯತ್ಯಾಸ ಹಿಡಿಯೋ ಯಂತ್ರ ಇದೆ. ಹೀಗೆ ನೂರಾರು ದಿನದ ಫಿಲ್ಟರ್‌ಗಳ ಅಂಕಿ ಅಂಶ ಇಟ್ಟುಕೊಂಡು ಯಾವ ಯಾವ ಗುರುತು ಜೊತೆಜೊತೆಗೆ ಏರಿಳೀತಿವೆ ಅಂತ ಗಣಿತದಿಂದ ಬೇರ್ಪಡಿಸಿ, ಧೂಳಿನ ಪಾಲಿಷ್ಟು, ಸೌದೆ ಪಾಲಿಷ್ಟು ಅಂತ ಹೇಳ್ತಾರೆ.

ಇದಕ್ಕೆ ಉಲ್ಟಾ ಕಡೆಯಿಂದ ಬರೋ ಇನ್ನೊಂದು ದಾರಿ ಇದೆ. ಊರಲ್ಲಿ ಎಷ್ಟು ಗಾಡಿ, ಎಷ್ಟು ಒಲೆ, ಎಷ್ಟು ಕಿಲೋಮೀಟರ್ ರಸ್ತೆ ಅಂತ ಎಣಿಸಿ ಒಟ್ಟು ಎಷ್ಟು ಹೊಗೆ ಹೊರಬಿತ್ತು ಅಂತ ಲೆಕ್ಕ ಹಾಕೋದು. ಎರಡು ದಾರಿಯ ಉತ್ತರ ಒಂದೇ ಆಗಿರಬೇಕಂತಿಲ್ಲ. ದೆಹಲಿ ಬಗ್ಗೆ ಐಐಟಿ ಕಾನ್ಪುರ 2016ರಲ್ಲಿ ಕೊಟ್ಟ ವರದಿಯೇ ಉದಾಹರಣೆ, ಎಣಿಕೆ ಲೆಕ್ಕದಲ್ಲಿ ಪಿಎಂ 2.5ಗೆ ರಸ್ತೆ ಧೂಳಿನ ಪಾಲು ಶೇ. 38 ಬಂದಿತ್ತು, ಆದ್ರೆ ಅದೇ ವರದಿಯಲ್ಲಿ ಚಳಿಗಾಲದ ಫಿಲ್ಟರ್ ನೋಡಿದ್ರೆ ಧೂಳು ಹಿಂದಕ್ಕೆ ಸರಿದು ಗಾಡಿ, ಸೌದೆ ಕಸದ ಹೊಗೆ, ಗಾಳೀಲೇ ಹುಟ್ಟಿದ ಸಲ್ಫೇಟ್ ನೈಟ್ರೇಟ್ ಮುಂದೆ ಬಂದವು. ಟಿವಿಯಲ್ಲಿ ಒಂದು ದಿನ ಧೂಳೇ ಖಳನಾಯಕ, ಮಾರನೇ ದಿನ ಗಾಡಿಯೇ ಖಳನಾಯಕ ಅಂತ ಬರೋದು ಯಾಕೆ ಅಂದ್ರೆ ಇದೇ.

ಒಲೆಯ ಕಡೆ ಬೆರಳು ತೋರಿಸಿದ ಸಂಶೋಧನೆ

ಈ ಮೂಲದ ಪ್ರಶ್ನೆಗೆ ಭಾರತದಲ್ಲಿ ಬಹಳ ವರ್ಷ ಕೊಟ್ಟವರು ಐಐಟಿ ಬಾಂಬೆಯ ಪ್ರೊಫೆಸರ್ ಚಂದ್ರಾ ವೆಂಕಟರಾಮನ್. 2005ರಲ್ಲಿ ಅವರು ಮತ್ತು ಜೊತೆಗಾರರು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ, ದೇಶದಲ್ಲಿ ಕಪ್ಪು ಇಂಗಾಲ ಅಂದ್ರೆ ಮಸಿ ಎಲ್ಲಕ್ಕಿಂತ ಹೆಚ್ಚು ಬರೋದು ಮನೆಗಳಲ್ಲಿ ಉರಿಸೋ ಸೌದೆ, ಬೆರಣಿ, ಬೆಳೆಯ ಕಡ್ಡಿಯಿಂದ ಅಂತ ತೋರಿಸಿತು. ಅಲ್ಲೀತನಕ ಮಾಲಿನ್ಯ ಅಂದ್ರೆ ಫ್ಯಾಕ್ಟರಿ, ಗಾಡಿ ಅನ್ನೋದೇ ಎಲ್ಲರ ತಲೆಯಲ್ಲಿ ಇದ್ದದ್ದು.

ಆಮೇಲೆ 2018ರಲ್ಲಿ ಬಂದ ದೊಡ್ಡ ವರದಿಯಲ್ಲೂ ಅವರ ತಂಡ ಇತ್ತು. 2015ರ ಲೆಕ್ಕದಲ್ಲಿ ಹೊರಗಿನ ಗಾಳಿಯ ಪಿಎಂ 2.5ಗೆ ದೇಶದಲ್ಲಿ ಅತಿ ದೊಡ್ಡ ಒಂದೇ ಮೂಲ ಮನೆ ಒಲೆಗಳೇ, ಪಿಎಂ 2.5ನಿಂದ ಆಗೋ ಸಾವುಗಳಲ್ಲಿ ಸುಮಾರು ಕಾಲು ಭಾಗಕ್ಕೆ ಇದೇ ಕಾರಣ ಅಂತ ಅದು ಹೇಳಿತು. ಗಮನಿಸಿ, ಇದು ಅಡುಗೆಮನೆ ಒಳಗಿನ ಹೊಗೆಯ ಲೆಕ್ಕ ಅಲ್ಲ. ಹೆಂಚಿನ ಸಂದಿಯಿಂದ ಹೊರಗೆ ಹೋಗಿ ಊರ ಗಾಳಿಗೆ ಸೇರಿದ ಹೊಗೆಯ ಲೆಕ್ಕ. ಒಳಗೆ ಕೂತು ಊದಿದ ಹೆಣ್ಣುಮಕ್ಕಳ ಪಾಡು ಇದಕ್ಕೆ ಬೇರೆ ಸೇರಿಸಬೇಕು.

ಅವರ ಮುಂದಾಳ್ತನದ ಕೋಲೆಸ್ ಅನ್ನೋ ಯೋಜನೆಯಲ್ಲಿ ದೇಶದ ಬೇರೆ ಬೇರೆ ಮೂಲೆಗಳಲ್ಲಿ ಒಂದೇ ಥರದ ಯಂತ್ರ ಇಟ್ಟು ಫಿಲ್ಟರ್ ಸಂಗ್ರಹಿಸಿದ್ರು, ಆ ಜಾಗಗಳಲ್ಲಿ ಮೈಸೂರೂ ಒಂದು. ನಮಗೆ ಹತ್ತಿರದ ಊರು ಅಂದ್ರೆ ಅದೇ. ಆದ್ರೂ ಮೈಸೂರಿನ ಲೆಕ್ಕ ತಂದು ಶೃಂಗೇರಿಗೆ ಅಂಟಿಸೋಕೆ ಆಗಲ್ಲ, ಮಳೆ ಬೇರೆ, ಬೆಳೆ ಬೇರೆ, ಒಲೆಗೆ ಹಾಕೋದೂ ಬೇರೆ.

ನಮ್ಮ ಎರಡು ಜಿಲ್ಲೆಯ ಹೊಗೆಯ ಕ್ಯಾಲೆಂಡರ್

ಪಂಜಾಬಿನ ಭತ್ತದ ಕೂಳೆ ಸುಡೋ ಸುದ್ದಿ ಓದಿ ನಮ್ಮ ರೈತರನ್ನೂ ಅದೇ ಸಾಲಿಗೆ ಸೇರಿಸೋರಿದ್ದಾರೆ. ಅದು ತಪ್ಪು. ಅರಸೀಕೆರೆ, ಕಡೂರು ಕಡೆ ರಾಗಿ ಹುಲ್ಲನ್ನ ಯಾರೂ ಸುಡಲ್ಲ, ದನಕ್ಕೆ ಬೇಕು, ಬಣವೆ ಒಟ್ಟಿ ಇಟ್ಟುಕೊಳ್ತಾರೆ. ಕಬ್ಬಿನ ಸೋಗೆ ಚನ್ನರಾಯಪಟ್ಟಣ ಕಡೆ ಸುಡೋದುಂಟು, ಜೋಳ ಮುರಿದ ಮೇಲೆ ದಂಟಿಗೆ ಬೆಂಕಿ ಇಡೋರು ಕೆಲವರು ಇದ್ದಾರೆ, ಆಲೆಮನೆಗಳಲ್ಲಿ ಕಬ್ಬಿನ ಸಿಪ್ಪೆಯೇ ಸೌದೆ. ಆದ್ರೆ ಮಲೆನಾಡಿನ ಕಡೆ ಕಥೆಯೇ ಬೇರೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಲ್ಲಿ ಮಳೆ ನಿಂತ ಮೇಲೆ ಅಡಿಕೆ ಕೊಯ್ಲು ಶುರು, ಸುಲಿದ ಹಸಿ ಅಡಿಕೆಯನ್ನ ದೊಡ್ಡ ಹಂಡೆಯಲ್ಲಿ ಚೊಗರು, ಅಂದ್ರೆ ಅಡಿಕೆಯದ್ದೇ ಬಣ್ಣದ ರಸ, ಹಾಕಿ ಗಂಟೆಗಟ್ಟಲೆ ಬೇಯಿಸ್ತಾರೆ, ಮನೆಮನೆಯಲ್ಲೂ, ತಿಂಗಳುಗಟ್ಟಲೆ. ಅದೇ ತಿಂಗಳುಗಳಲ್ಲಿ ಚಳಿ ಬಿದ್ದು ಹೊಗೆ ಮೇಲೇಳದ ಬೆಳಗುಗಳೂ ಬರ್ತವೆ. ಅರೇಬಿಕಾ ಕೊಯ್ಲು, ಆಮೇಲೆ ರೋಬಸ್ಟಾ, ಅಂಗಳದಲ್ಲಿ ಕಾಫಿ ಒಣಗಿಸೋದು, ಕಾಫಿ ಬೀಜ ಬಿಡಿಸೋ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಸಿಪ್ಪೆ ಹಾರೋದು, ಆ ಸಿಪ್ಪೆಯನ್ನ ಬಾಯ್ಲರ್‌ಗಳಿಗೆ ಉರುವಲಾಗಿ ಹಾಕೋದು. ಫೆಬ್ರವರಿ ಮಾರ್ಚ್ ಬಂತಂದ್ರೆ ಗಿರಿಯ ಹುಲ್ಲುಗಾವಲು, ಚಾರ್ಮಾಡಿ ಕಡೆ ಕಾಡ್ಗಿಚ್ಚಿನ ಕಾಲ.

ಇವೆಲ್ಲ ಋತುವಿನ ಹೊಗೆ. ವರ್ಷಪೂರ್ತಿ ಇರೋದು ಬಚ್ಚಲ ಒಲೆ. ಅಡುಗೆಗೆ ಗ್ಯಾಸ್ ಬಂದು ಎಷ್ಟೋ ವರ್ಷ ಆಗಿರೋ ಮನೆಗಳಲ್ಲೂ ಸ್ನಾನದ ನೀರಿಗೆ ಸೌದೆಯೇ, ಯಾಕಂದ್ರೆ ತೋಟದಲ್ಲಿ ಸವರಿ ತೆಗೆದ ರೆಂಬೆ, ಸಿಲ್ವರ್ ಓಕ್ ಕೊಂಬೆ, ತೆಂಗಿನ ಗರಿ, ಅಡಿಕೆ ಸಿಪ್ಪೆ ಪುಕ್ಕಟೆ ಸಿಗುತ್ತೆ, ಮಳೆಗಾಲದಲ್ಲಿ ದಿನಕ್ಕೆ ಎರಡು ಸಲ ಬಿಸಿನೀರು ಬೇಕು, ಸೋಲಾರ್ ಹಾಕಿದ್ರೂ ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಸಿಲೇ ಕಾಣಲ್ಲ. ಹಳೇ ಮನೆಯ ಬಚ್ಚಲ ಮಾಡಿನ ಕೆಳಗೆ ನಿಂತು ತಲೆ ಎತ್ತಿ ನೋಡಿದ್ರೆ ಜಂತಿಯಿಂದ ಕಪ್ಪು ಇಲ್ಲಣ ಎಳೆ ಎಳೆಯಾಗಿ ಜೋತಾಡ್ತಿರುತ್ತೆ, ಮುಟ್ಟಿದ್ರೆ ಬೆರಳಿಗೆ ಜಿಗುಟು. ಆ ಜಿಗುಟು ಹಸಿ ಸೌದೆ ಅರೆಬರೆ ಸುಟ್ಟಾಗ ಬರೋ ಎಣ್ಣೆಯಂಥ ಸಾವಯವ ಅಂಶ, ವಿಜ್ಞಾನಿಗಳು ಫಿಲ್ಟರ್ ಮೇಲೆ ಹುಡುಕೋದು ಇದನ್ನೇ. ಚೆನ್ನಾಗಿ ಒಣಗಿದ ಸೌದೆ, ಗಾಳಿಯಾಡೋ ಒಲೆ, ಮಾಡಿಗಿಂತ ಮೇಲಕ್ಕೆ ಹೋಗೋ ಹೊಗೆಗೂಡು, ಇಷ್ಟಿದ್ರೇ ಬಹಳ ವ್ಯತ್ಯಾಸ ಆಗುತ್ತೆ.

ಉಜ್ವಲಾ ಯೋಜನೆ 2016ರ ಮೇನಲ್ಲಿ ಶುರುವಾಗಿ ಹತ್ತು ಕೋಟಿಗೂ ಹೆಚ್ಚು ಸಂಪರ್ಕ ಕೊಟ್ಟಿದೆ, ನಿಜಕ್ಕೂ ದೊಡ್ಡ ಕೆಲಸ. ಆದ್ರೆ ಆ ಮನೆಗಳು ವರ್ಷಕ್ಕೆ ತುಂಬಿಸೋ ಸಿಲಿಂಡರ್ ಸರಾಸರಿ ನಾಲ್ಕರ ಆಚೀಚೆ. ಬರೀ ಗ್ಯಾಸಲ್ಲೇ ಅಡುಗೆ ಮಾಡೋ ಮನೆಗೆ ಅದು ಸಾಲಲ್ಲ, ಉಳಿದದ್ದು ಸೌದೆಯಲ್ಲೇ ನಡೀತಿದೆ ಅಂತ ಆಯ್ತು. ಸ್ನಾನದ ನೀರು ಯಾವ ಯೋಜನೆಯ ಲೆಕ್ಕದಲ್ಲೂ ಸರಿಯಾಗಿ ಇಲ್ಲ.

ಪಟ್ಟಣಗಳ ಕಡೆ ಬಂದ್ರೆ ಕಸ. ಬೆಳಿಗ್ಗೆ ಗುಡಿಸಿದ ಎಲೆ, ಪ್ಲಾಸ್ಟಿಕ್, ಥರ್ಮಾಕೋಲ್ ಎಲ್ಲ ಒಟ್ಟಿಗೆ ರಸ್ತೆ ಬದಿಯಲ್ಲಿ ಹೊತ್ತಿಸೋದು ಹಾಸನದ ಬಡಾವಣೆಗಳಲ್ಲೂ ಇದೆ, ತಾಲ್ಲೂಕು ಕೇಂದ್ರಗಳಲ್ಲೂ ಇದೆ. ಹೊಗೆಯ ಪ್ರಮಾಣ ಸೌದೆಗಿಂತ ಕಮ್ಮಿ ಇರಬಹುದು, ವಿಷ ಜಾಸ್ತಿ, ಅದೂ ಮೂಗಿನ ಎತ್ತರದಲ್ಲೇ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ಬಯಲಲ್ಲಿ ಕಸ ಸುಟ್ರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಾದ್ರೆ 25,000 ರೂಪಾಯಿ ದಂಡ ಅಂತ ಹೇಳಿದೆ. ಇನ್ನು ಹಾಸನದಿಂದ ಸಕಲೇಶಪುರ ದಾಟಿ ಮಾರನಹಳ್ಳಿ ತನಕ ವರ್ಷಗಟ್ಟಲೆ ನಡೆದ ಚತುಷ್ಪಥ ಕೆಲಸದ ಧೂಳು, ವಾರಾಂತ್ಯದಲ್ಲಿ ಗಿರಿ ಹತ್ತೋ ಗಾಡಿಗಳ ಹೊಗೆ, ಇವು ಎಲ್ಲರಿಗೂ ಕಾಣೋ ವಿಷಯ, ಹಾಗಾಗಿಯೇ ಬೈಗುಳವೂ ಇವಕ್ಕೇ ಮೊದಲು ಬೀಳುತ್ತೆ.

ದೂರದ ಚಿಮಣಿಗೂ ನಮಗೂ ಏನು ಸಂಬಂಧ

ಈಗ ಆ ಜುಲೈ ತೀರ್ಮಾನದ ವಿಷಯ. ಕಲ್ಲಿದ್ದಲು ಸ್ಥಾವರಗಳು ಸಲ್ಫರ್ ಡೈಆಕ್ಸೈಡ್ ಕಮ್ಮಿ ಮಾಡಬೇಕು ಅಂತ 2015ರ ಡಿಸೆಂಬರ್‌ನಲ್ಲಿ ನಿಯಮ ಬಂತು, ಅದಕ್ಕೆ ಗಂಧಕದ ಹೊಗೆ ತೊಳೆಯೋ ಎಫ್‌ಜಿಡಿ ಅನ್ನೋ ಯಂತ್ರ ಬೇಕು, ಗಡುವು ಮೊದಲು 2017 ಇದ್ದದ್ದು ಮತ್ತೆ ಮತ್ತೆ ಮುಂದಕ್ಕೆ ಹೋಯ್ತು. ಕೊನೆಗೆ 2025ರಲ್ಲಿ, ದೆಹಲಿ ಸುತ್ತಮುತ್ತ ಅಥವಾ ಹತ್ತು ಲಕ್ಷ ಜನ ಇರೋ ನಗರದಿಂದ ಹತ್ತು ಕಿಲೋಮೀಟರ್ ಒಳಗಿರೋ ಸ್ಥಾವರಗಳಿಗೆ ಮಾತ್ರ 2027ರ ಕೊನೆಯೊಳಗೆ ಹಾಕೋದು ಕಡ್ಡಾಯ, ಇನ್ನು ಕೆಲವನ್ನ ಒಂದೊಂದಾಗಿ ಪರಿಶೀಲಿಸೋದು, ಉಳಿದ ಮುಕ್ಕಾಲು ಭಾಗಕ್ಕೂ ಹೆಚ್ಚು ಸ್ಥಾವರಗಳಿಗೆ ವಿನಾಯಿತಿ ಅಂತ ಆಯ್ತು.

ವಿನಾಯಿತಿ ಪರವಾಗಿ ಇರೋರ ಮಾತು ಹಗುರವಾಗಿ ತಳ್ಳಿಹಾಕೋ ಥರದ್ದಲ್ಲ. ನಮ್ಮ ಕಲ್ಲಿದ್ದಲಲ್ಲಿ ಬೂದಿ ಜಾಸ್ತಿ, ಗಂಧಕ ಕಮ್ಮಿ. ದೇಶದಲ್ಲಿ ಅಳೆದ ಕಡೆ ಸಲ್ಫರ್ ಡೈಆಕ್ಸೈಡ್ ಬಹುಪಾಲು ಮಿತಿಯೊಳಗೇ ಇದೆ. ಯಂತ್ರಕ್ಕೆ ಒಂದು ಮೆಗಾವ್ಯಾಟ್‌ಗೆ ಕೋಟಿ ರೂಪಾಯಿಗೂ ಮೇಲೆ ಖರ್ಚು, ಅದು ಕರೆಂಟ್ ಬಿಲ್‌ಗೇ ಬರುತ್ತೆ. ಯಂತ್ರಕ್ಕೆ ಸುಣ್ಣದಕಲ್ಲು ಬೇಕು, ಆ ರಾಸಾಯನಿಕ ಕ್ರಿಯೆಯಲ್ಲೇ ಕಾರ್ಬನ್ ಡೈಆಕ್ಸೈಡ್ ಹೊರಗೆ ಬರುತ್ತೆ. ಆ ದುಡ್ಡಲ್ಲಿ ಬೂದಿ ಹಿಡಿಯೋ ಯಂತ್ರ ಸುಧಾರಿಸಿದ್ರೆ ಲಾಭ ಜಾಸ್ತಿ ಅಂತಾರೆ.

ವಿರೋಧದವರ ಉತ್ತರ ಅರ್ಥ ಆಗೋಕೆ ಮೇಲೆ ಹೇಳಿದ ಅನಿಲದಿಂದ ಹುಟ್ಟೋ ಕಣ ನೆನಪಿಟ್ಟುಕೊಳ್ಳಬೇಕು. ಊರ ಯಂತ್ರದಲ್ಲಿ ಸಲ್ಫರ್ ಡೈಆಕ್ಸೈಡ್ ಕಮ್ಮಿ ತೋರಿಸೋದು ಗಂಧಕ ಇಲ್ಲ ಅಂತಲ್ಲ, ದಾರೀಲೇ ಅದು ಸಲ್ಫೇಟ್ ಆಗಿ ಪಿಎಂ 2.5 ಲೆಕ್ಕಕ್ಕೆ ಸೇರಿಬಿಟ್ಟಿದೆ ಅಂತ ಇರಬಹುದು. ಸಲ್ಫೇಟ್ ಕಣ ಮಳೆ ಇಲ್ಲದ ಕಾಲದಲ್ಲಿ ಸುಮಾರು ಒಂದು ವಾರ ಗಾಳೀಲಿ ಇರುತ್ತೆ, ಗಂಟೆಗೆ ಹತ್ತು ಹದಿನೈದು ಕಿಲೋಮೀಟರ್ ಗಾಳಿ ಬೀಸಿದ್ರೂ ದಿನಕ್ಕೆ ಇನ್ನೂರೈವತ್ತು ಮುನ್ನೂರು ಕಿಲೋಮೀಟರ್ ದಾಟುತ್ತೆ. ರಾಯಚೂರಿನ ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್, ಬಳ್ಳಾರಿಯ ಕುಡತಿನಿಯಲ್ಲಿ 1,700 ಮೆಗಾವ್ಯಾಟ್ ಸ್ಥಾವರ ಇದೆ, ಎರಡೂ ಊರು ಹತ್ತು ಲಕ್ಷ ಜನರ ನಗರಗಳಲ್ಲ, ಚಳಿಗಾಲದಲ್ಲಿ ನಮಗೆ ಗಾಳಿ ಬೀಸೋದು ಈಶಾನ್ಯದಿಂದಲೇ. ಹತ್ತು ಕಿಲೋಮೀಟರ್ ಅನ್ನೋ ಗೆರೆ ಬೂದಿಗೆ ಸರಿ ಹೋಗಬಹುದು, ಸಲ್ಫೇಟ್‌ಗೆ ಹೋಗಲ್ಲ. ಈ ವಿಷಯದಲ್ಲಿ ವಿರೋಧದವರ ವಾದವೇ ನನಗೆ ಗಟ್ಟಿಯಾಗಿ ಕಾಣೋದು.

ಹೊಗೆ ಇಷ್ಟು ದೂರ ಹೋಗುತ್ತಾ ಅನ್ನೋ ಅನುಮಾನ 1999ರಲ್ಲೇ ತೀರಿದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಓದಿದ ಹವಾಮಾನ ವಿಜ್ಞಾನಿ ವಿ. ರಾಮನಾಥನ್ ಮುಂದಾಳ್ತನದಲ್ಲಿ ಇಂಡೋಎಕ್ಸ್ ಅನ್ನೋ ದೊಡ್ಡ ಅಧ್ಯಯನ ನಡೆದಾಗ ಹಿಂದೂ ಮಹಾಸಾಗರದ ಮೇಲೆ, ಮಾಲ್ಡೀವ್ಸ್ ತನಕವೂ, ಉಪಖಂಡದಿಂದ ಹೋದ ಕಂದು ಮಸುಕು ಸಿಕ್ಕಿತ್ತು.

ತಂಪು ಮಾಡುತ್ತೆ ಅನ್ನೋ ಮಾತು ಎಷ್ಟು ನಿಜ

ನಿಜ ಇದೆ, ಪೂರ್ತಿ ಅಲ್ಲ. ಸಲ್ಫೇಟ್ ಕಣ ಬಿಸಿಲನ್ನ ವಾಪಸ್ ಚದುರಿಸುತ್ತೆ, ಹಾಗಾಗಿ ಭೂಮಿಗೆ ತಂಪು. ಮಸಿ ಬಿಸಿಲನ್ನ ಹೀರಿಕೊಂಡು ಸುತ್ತಲ ಗಾಳಿನ ಕಾಯಿಸುತ್ತೆ. ಐಐಎಸ್‌ಸಿಯಲ್ಲಿ ಏರೋಸಾಲ್ ಮೇಲೆ ಕೆಲಸ ಮಾಡಿ 2018ರ ಇನ್ಫೋಸಿಸ್ ಪ್ರಶಸ್ತಿ ಪಡೆದ ಎಸ್.ಕೆ. ಸತೀಶ್, ರಾಮನಾಥನ್ ಜೊತೆ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಮಸುಕಿನಿಂದ ನೆಲಕ್ಕೆ ಬೀಳೋ ಬಿಸಿಲು ಎಷ್ಟು ಕಮ್ಮಿಯಾಗುತ್ತೆ ಅಂದ್ರೆ ವಾತಾವರಣದ ತುದಿಯಲ್ಲಿ ಕಾಣೋ ವ್ಯತ್ಯಾಸದ ಸುಮಾರು ಮೂರು ಪಟ್ಟು ಅಂತ ತೋರಿಸಿದ್ರು. ಅಂದ್ರೆ ನೆಲಕ್ಕೆ ಬರಬೇಕಾದ ಬಿಸಿಯ ಒಂದು ಪಾಲು ಮಧ್ಯದ ಗಾಳೀಲೇ ಸಿಕ್ಕಿಹಾಕಿಕೊಳ್ಳುತ್ತೆ. ಇದು ತಂಪು ಮಾಡಿದಂಗಲ್ಲ, ಬಿಸಿಯ ಜಾಗ ಬದಲಾದಂಗೆ, ಮತ್ತು ಮೋಡ, ಮಳೆ ಎರಡಕ್ಕೂ ಅದರ ಪರಿಣಾಮ ಇದೆ. ಹಾಗಂತ ಒಂದು ವರ್ಷ ಕಾಫಿಗೆ ಹೂಮಳೆ ತಡ ಆಯ್ತು ಅಂದ ಮಾತ್ರಕ್ಕೆ ಹೊಗೆಯೇ ಕಾರಣ ಅಂತ ಹೇಳೋಕೆ ಯಾವ ವಿಜ್ಞಾನಿಯೂ ಒಪ್ಪಲ್ಲ.

ತಂಪಿನ ವಾದದ ದೊಡ್ಡ ತೊಡಕು ಬೇರೆ. ಕಾರ್ಬನ್ ಡೈಆಕ್ಸೈಡ್ ನೂರಾರು ವರ್ಷ ಮೇಲೇ ಕೂತಿರುತ್ತೆ, ಏರೋಸಾಲ್ ಒಂದು ವಾರಕ್ಕೆ ಇಳಿದುಹೋಗುತ್ತೆ. ತಂಪು ಬೇಕು ಅಂತ ಗಂಧಕದ ಹೊಗೆ ಇಟ್ಟುಕೊಂಡ್ರೆ ವಾರ ವಾರವೂ ಹೊಸ ಹೊಗೆ ಬಿಡ್ತಾನೇ ಇರಬೇಕು, ಅದನ್ನ ಉಸಿರಾಡೋ ಜನ ವಾರ ವಾರವೂ ಬೆಲೆ ಕೊಡ್ತಾನೇ ಇರಬೇಕು. 2020ರ ಜನವರಿಯಿಂದ ಹಡಗಿನ ತೈಲದ ಗಂಧಕವನ್ನ ಶೇ. 3.5ರಿಂದ 0.5ಕ್ಕೆ ಇಳಿಸಿದ ಮೇಲೆ ಸಮುದ್ರದ ಮೇಲಿನ ಈ ತಂಪು ಸ್ವಲ್ಪ ಕಮ್ಮಿ ಆಗಿದೆ ಅನ್ನೋದನ್ನ ವಿಜ್ಞಾನಿಗಳು ಒಪ್ತಾರೆ, ಎಷ್ಟು ಅನ್ನೋದರ ಮೇಲೆ ಚರ್ಚೆ ನಡೀತಿದೆ. ಅದರಿಂದ ಮಸಿ ಮತ್ತು ಸಲ್ಫೇಟ್ ಎರಡನ್ನೂ ಒಟ್ಟಿಗೆ ಇಳಿಸೋದೇ ಜಾಣತನ ಅಂತ ಆಗುತ್ತೆ, ಸೌದೆ ಹೊಗೆ ಕಮ್ಮಿ ಮಾಡೋದು ಆ ದೃಷ್ಟಿಯಿಂದಲೂ ಲಾಭವೇ.

ಗೊತ್ತಿಲ್ಲದೇ ಖರ್ಚು ಮಾಡಿದ್ರೆ ಏನಾಗುತ್ತೆ

ಕೇಂದ್ರದ ಶುದ್ಧ ಗಾಳಿ ಕಾರ್ಯಕ್ರಮ 2019ರ ಜನವರಿಯಲ್ಲಿ ಶುರುವಾಯ್ತು. ಕರ್ನಾಟಕದಿಂದ ಅದರಲ್ಲಿ ಇರೋದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಊರುಗಳು ಎಷ್ಟು ಸುಧಾರಿಸಿದವು ಅಂತ ನೋಡೋದು ಪಿಎಂ 10 ಇಟ್ಟುಕೊಂಡು. ಪಿಎಂ 10ರಲ್ಲಿ ತೂಕ ಜಾಸ್ತಿ ಇರೋದು ಧೂಳಿನದ್ದು, ಹಾಗಾಗಿ ಅಂಕ ಬೇಗ ಇಳಿಸೋ ದಾರಿ ಅಂದ್ರೆ ರಸ್ತೆಗೆ ನೀರು ಹೊಡೆಯೋದು, ಗುಡಿಸೋ ಯಂತ್ರ ಕೊಳ್ಳೋದು, ಬದಿಗೆ ಕಲ್ಲು ಹಾಸೋದು. ಆಗಿದ್ದೂ ಅದೇ, ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಅನ್ನೋ ದೆಹಲಿಯ ಪರಿಸರ ಸಂಸ್ಥೆ 2024ರಲ್ಲಿ ಲೆಕ್ಕ ತೆಗೆದಾಗ ಖರ್ಚಿನ ಶೇ. 64 ಧೂಳಿಗೆ ಹೋಗಿತ್ತು, ಸೌದೆ ಕಸ ಸುಡೋದನ್ನ ತಡೆಯೋಕೆ ಶೇ. 15ಕ್ಕಿಂತ ಕಮ್ಮಿ, ಕೈಗಾರಿಕೆಗೆ ಒಂದು ಪರ್ಸೆಂಟೂ ಇಲ್ಲ. ಶ್ವಾಸಕೋಶದ ಆಳಕ್ಕೆ ಇಳಿಯೋ ಕಣ ಬರೋ ಕಡೆಗೆ ಹೋದ ದುಡ್ಡು ಅಷ್ಟಕ್ಕಷ್ಟೇ.

ಹಾಸನ, ಚಿಕ್ಕಮಗಳೂರು ಆ ಪಟ್ಟಿಯಲ್ಲಿ ಇಲ್ಲ, ಅಂಕ ಚೆನ್ನಾಗಿದೆ ಅಂತಲೇ ಇಲ್ಲ. ಪಟ್ಟಿಯಲ್ಲಿ ಇಲ್ಲ ಅಂದ್ರೆ ದುಡ್ಡಿಲ್ಲ, ದುಡ್ಡಿಲ್ಲ ಅಂದ್ರೆ ಅಧ್ಯಯನ ಇಲ್ಲ, ಅಧ್ಯಯನ ಇಲ್ಲದೇ ಇದ್ರೆ ಗಾಡಿಯವರು ತೋಟದವರನ್ನ, ತೋಟದವರು ಟೂರಿಸ್ಟ್‌ಗಳನ್ನ ಬೈದುಕೊಂಡು ಇರೋದು. ಎರಡೂ ಪಟ್ಟಣ ಬೆಳೀತಿವೆ, ಗಾಡಿ ಹೆಚ್ಚಾಗ್ತಿವೆ, ಹತ್ತು ವರ್ಷ ಬಿಟ್ಟು ಅಂಕ ಕೆಟ್ಟಾಗ ಮೊದಲು ಹೇಗಿತ್ತು ಅಂತ ಹೋಲಿಸೋಕೆ ನಮ್ಮ ಕೈಯಲ್ಲಿ ಏನೂ ಇರಲ್ಲ.

ಇದಕ್ಕೆ ಬೇಕಾಗಿರೋದು ದೊಡ್ಡ ಯೋಜನೆ ಏನಲ್ಲ. ಒಂದು ಫಿಲ್ಟರ್ ಯಂತ್ರ ಹಾಸನ ನಗರದಲ್ಲಿ, ಒಂದು ಚಿಕ್ಕಮಗಳೂರಲ್ಲಿ, ಇನ್ನೊಂದು ಅಡಿಕೆ ಬೇಯಿಸೋ ಹಳ್ಳಿಯೊಂದರಲ್ಲಿ, ಪೂರ್ತಿ ಒಂದು ವರ್ಷ ಇಡಬೇಕು, ಮಳೆಗಾಲ ಬಿಡದಂಗೆ. ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜು 1960ರಿಂದ ಇದೆ, ಕೆಮಿಸ್ಟ್ರಿ, ಸಿವಿಲ್ ವಿದ್ಯಾರ್ಥಿಗಳು ಇಂಥ ಕೆಲಸಕ್ಕೆ ಸಿಗ್ತಾರೆ, ಫಿಲ್ಟರ್ ಬಿಡಿಸಿ ನೋಡೋ ಸೂಕ್ಷ್ಮ ಯಂತ್ರಕ್ಕೆ ಬೆಂಗಳೂರು, ಮೈಸೂರು ಇದ್ದೇ ಇದೆ. ಇನ್ನೂ ಒಂದು ವಿಷಯ, ವಾತಾವರಣದ ಮಸುಕನ್ನ ಆಕಾಶದಿಂದ ಅಂದಾಜು ಮಾಡೋ ಇನ್ಸಾಟ್ ಸರಣಿಯ ಉಪಗ್ರಹಗಳನ್ನ ನಿಯಂತ್ರಿಸೋದು ಹಾಸನದ ಇಸ್ರೋ ಕೇಂದ್ರವೇ. ಮೇಲಿಂದ ನೋಡೋ ಕಣ್ಣು ಇದೇ ಊರಿಂದ ನಡೀತಿರುವಾಗ ನೆಲದ ಮೇಲಿನ ಫಿಲ್ಟರ್‌ಗೆ ನಗರಸಭೆ ಬಜೆಟ್‌ನಲ್ಲಿ ಒಂದು ಸಾಲು ಕೇಳೋದು ಅತಿಯಾಸೆ ಅಲ್ಲ.

ಕಸ ಸುಡೋದನ್ನ ನಿಲ್ಲಿಸೋಕೆ ಮಾತ್ರ ಯಾವ ಅಧ್ಯಯನಕ್ಕೂ ಕಾಯಬೇಕಾಗಿಲ್ಲ, ಕಾನೂನು ಇದ್ದೇ ಇದೆ. ಬಚ್ಚಲ ಒಲೆ ವಿಷಯಕ್ಕೆ ದಂಡ ಹಾಕೋದು ಬೇಡ, ಹೊಗೆಗೂಡು ಇರೋ ಸುಧಾರಿತ ಒಲೆಗೆ ಗ್ರಾಮ ಪಂಚಾಯ್ತಿಯಿಂದ ಸಹಾಯಧನ ಸಿಕ್ಕಿದ್ರೆ ಜನ ಹಾಕಿಸ್ಕೊಳ್ತಾರೆ, ಸೌದೆ ಉಳಿಯೋದು ಅವರಿಗೂ ಬೇಕು. ಶಕ್ತಿನಗರ, ಕುಡತಿನಿ ವಿಷಯ ನಮ್ಮ ನಗರಸಭೆ ಕೈಯಲ್ಲಿಲ್ಲ, ಅದನ್ನ ರಾಜ್ಯ ಸರ್ಕಾರವೇ ಕೇಂದ್ರದ ಮುಂದೆ ಎತ್ತಬೇಕು, ಎತ್ತೋವಾಗ ನಮ್ಮ ಫಿಲ್ಟರ್‌ಗಳಲ್ಲಿ ಸಲ್ಫೇಟ್ ಎಷ್ಟಿದೆ ಅನ್ನೋ ಲೆಕ್ಕ ಕೈಯಲ್ಲಿದ್ರೆ ಮಾತಿಗೆ ತೂಕ ಬರುತ್ತೆ.